ಓದಲು ಬಾರದ ಕಾಗದಕ್ಕೆ ನನ್ನ ಸಹಿ

ಶಹಾಪುರ

ನನ್ನ ಮೊಮ್ಮಗಳು ಸಿನಿಮಾ ಮಾಡಿದ್ದಾಳೆ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ಬಸ್ ನಿಲ್ದಾಣದಿಂದ ನಮ್ಮ ಮನೆಯವರೆಗೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ತರಕಾರಿ ಮಾರುವ ಖಾಜಾಬಿಗಂತೂ ಎರಡು ಸಲ ಹೇಳಿದೆ.

"ಹೀರೋ ಯಾರವ್ವ?" ಎಂದಳು ಖಾಜಾಬಿ.

"ಹೀರೋ ಇಲ್ಲ. ಎಲ್ಲಾ ಮುದುಕೇರೇ."

"ಮುದುಕೇರನ್ನ ನೋಡ್ಲಾಕ ಟಿಕೀಟ್ ಯಾಕ ಬೇಕು? ನನ್ನ ಅಂಗಡಿ ಮುಂದ ಬಂದು ನಿಂದ್ರು ಅನ್ನು, ಪುಕ್ಕಟ ನೋಡ್ಲಿ."

ಅವಳು ನಗಲಿ. ಸುಜಾತಾ ನನ್ನ ಮಗಳ ಮಗಳು. ಜಾರ್ಜಿಯಾ ಎಂಬ ದೇಶಕ್ಕೆ ಸಿನಿಮಾ ಮಾಡುವುದನ್ನು ಕಲಿಯಲು ಹೋಗಿ ಮೂರು ವರ್ಷವಾಯಿತು. ಅವಳು ಮಾಡಿದ್ದು ಹಾಡು ಕುಣಿತದ ಸಿನಿಮಾ ಅಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುವ ಸಾಕ್ಷ್ಯಚಿತ್ರ. ಫೋನಿನಲ್ಲಿ ಅವಳು ತಿಳಿಸಿದ್ದು ಇಷ್ಟು. ಆ ದೇಶದಲ್ಲಿ ಮೊದಲು ಗಿರಣಿ, ಹೊಲ, ಅಂಗಡಿ, ಇರುವ ಮನೆ ಎಲ್ಲವೂ ಸರ್ಕಾರದ್ದು. ಕೆಂಪು ಬಾವುಟದ ಸರ್ಕಾರ. ಒಂದು ದಿನ ಆ ಸರ್ಕಾರವೇ ಬಿದ್ದುಹೋಯಿತು. ಹೊಸದಾಗಿ ಬಂದವರು, ಇನ್ನು ಮೇಲೆ ಗಿರಣಿ ನಿಮ್ಮದೇ ಎಂದು ಮಂದಿಗೆಲ್ಲ ತಲೆಗೊಂದು ಚೀಟಿ ಹಂಚಿದರು. ಚೀಟಿ ಇದ್ದವರಿಗೆ ಗಿರಣಿಯಲ್ಲಿ ಪಾಲು. ಹಾಗಾದರೆ ಗಿರಣಿಯಲ್ಲಿ ದುಡಿದವರೇ ಗಿರಣಿಯ ಮಾಲೀಕರಾಗಬೇಕಿತ್ತಲ್ಲ? ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದೇ ಅವಳ ಸಿನಿಮಾ.

"ಆಯಿ, ಆ ಗಿರಣಿ ಊರಾಗೇ ಮೊದಲ ತೋರಸ್ತೀನಿ. ನೀ ಬರಲೇಬೇಕು," ಎಂದಳು.

"ಇಮಾನ ಬಿದ್ರ ಏನ್ ಮಾಡ್ಲೇ?"

"ಬಿದ್ರ ನಿನ್ ಜೋಡಿ ಇನ್ನೂರು ಮಂದಿ ಇರ್ತಾರ, ನೀ ಒಬ್ಬಾಕೀನೇ ಅಲ್ಲ."

"ಎಂಥಾ ಸಮಾಧಾನ ಹೇಳಿದಿ, ನನವ್ವ!"

ನಾನು ಮೂರನೇ ಇಯತ್ತೆಯವರೆಗೆ ಓದಿದವಳು. ಮುದನಾಳದ ಸಾಲೆ ಬಿಟ್ಟು ಯಾದಗಿರಿಯ ಹತ್ತಿ ಜಿನ್ನಿಗೆ ಹೋದೆ. ಮದುವೆಯಾಗಿ ಬಂದ ಮೇಲೆ ಶಹಾಪುರದ ಜಿನ್ನು. ಹತ್ತಿಯಿಂದ ಬೀಜ ಬಿಡಿಸುವ ಮಷೀನಿನ ಮುಂದೆ ಮುದುಕಿಯಾಗುವ ತನಕ ನಿಂತೆ. ಅದಕ್ಕೇ ನನಗೆ ಕಿವಿ ಅರ್ಧ ಕೇಳುತ್ತದೆ, ಮಾತು ಮಾತ್ರ ಎರಡು ಓಣಿಗೆ ಕೇಳುವಷ್ಟು ಗಟ್ಟಿ. ಆ ಗದ್ದಲದಲ್ಲಿ ಬಾಯಿಂದ ಕೆಲಸವಾಗುವುದಿಲ್ಲ, ಎಲ್ಲ ಕೈಯಿಂದಲೇ. ಯಾರಾದರೂ ಬಲಗೈ ಮೇಲೆತ್ತಿದರೆ ಆ ಕ್ಷಣವೇ ಮಷೀನು ನಿಲ್ಲಿಸಬೇಕು. ಯಾರದೋ ಸೆರಗೋ ಬೆರಳೋ ಸಿಕ್ಕಿದೆ ಎಂದು ಅದರ ಅರ್ಥ. ಎತ್ತಿದ ಕೈ ಕಂಡರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಅಲ್ಲಿಯ ಹೆಣ್ಣುಮಕ್ಕಳಿಗೆ ಉಡಿ ತುಂಬಲು ನಾಲ್ಕು ಕುಪ್ಪಸದ ಖಣ, ಇಷ್ಟನ್ನು ಸೂಟ್‌ಕೇಸಿನಲ್ಲಿ ತುಂಬಿ ಹೊರಟೆ. ಹೈದರಾಬಾದಿನವರೆಗೆ ಅಳಿಯ ಬಂದ. ಅಲ್ಲಿಂದ ಮುಂದೆ ನಾನು, ನನ್ನ ಹೆದರಿಕೆ, ಇಬ್ಬರೇ.

ವಿಮಾನ

ಕಿಟಕಿಯ ಪಕ್ಕದ ಸೀಟು ಕೊಟ್ಟಿದ್ದರು. ಯಾಕಾದರೂ ಕೊಟ್ಟರೋ. ಮೇಲೆ ಹೋದ ಸ್ವಲ್ಪ ಹೊತ್ತಿಗೆ ರೆಕ್ಕೆಯ ಹಿಂದಿನ ಒಂದು ತಗಡು ಅಲುಗಾಡುತ್ತ ಮೇಲೆದ್ದಿತು. ಜಿನ್ನಿನಲ್ಲಿ ತಗಡು ಎದ್ದರೆ ಕೆಲಸ ನಿಲ್ಲಿಸುತ್ತೇವೆ. ನಾನು ನೆಟ್ಟಗೆ ಕೂತು ಬಲಗೈ ಮೇಲೆತ್ತಿದೆ.

ಕೆಂಪು ಟೊಪ್ಪಿಗೆಯ ಹುಡುಗಿ ಓಡಿ ಬಂದಳು. ನಾನು ರೆಕ್ಕೆ ತೋರಿಸಿದೆ. ಅವಳು ನಕ್ಕು ಒಂದು ಲೋಟ ನೀರು ತಂದುಕೊಟ್ಟಳು. ತಗಡು ಕೆಳಗಿಳಿಯಿತು, ಮತ್ತೆ ಎದ್ದಿತು. ಮತ್ತೆ ಕೈ ಎತ್ತಿದೆ, ಮತ್ತೆ ನೀರು ಬಂತು. ಮೂರನೆಯ ಲೋಟ ಆದ ಮೇಲೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕಣ್ಣು ಮುಚ್ಚಿದೆ. ಇಷ್ಟು ನೀರು ಕುಡಿದವಳ ಗತಿ ಏನಾಯಿತು, ವಿಮಾನದ ಪಾಯಖಾನೆಯ ಬಾಗಿಲು ತೆಗೆಯಲು ಎಷ್ಟು ಒದ್ದಾಡಿದೆ ಎನ್ನುವುದು ಬೇಡ.

ತ್ಬಿಲಿಸಿ

ನಡುವೆ ಒಂದು ಊರಲ್ಲಿ ವಿಮಾನ ಬದಲಿಸಿದೆ. ಯಾರೋ ಪುಣ್ಯಾತ್ಮರು ಕೈ ಹಿಡಿದು ಹತ್ತಿಸಿದರು. ಆ ದೇಶದ ದೊಡ್ಡ ಊರು ತ್ಬಿಲಿಸಿಯಲ್ಲಿ ಇಳಿದಾಗ ನಾನು ಬಂದಿದ್ದೆ, ನನ್ನ ಸೂಟ್‌ಕೇಸ್ ಬಂದಿರಲಿಲ್ಲ. ಸಾಮಾನು ಸುತ್ತುವ ಪಟ್ಟಿ ಖಾಲಿಯಾಗಿ ತಿರುಗಿ ತಿರುಗಿ ನಿಂತುಬಿಟ್ಟಿತು.

ಒಬ್ಬ ಗುಮಾಸ್ತ ನನ್ನನ್ನು ಮೇಜಿನ ಹತ್ತಿರ ಕರೆದ. ಒಂದು ಕಾಗದ ಮುಂದಿಟ್ಟು, ಕೆಳಗೆ ಗೆರೆ ತೋರಿಸಿ, ಪೆನ್ನು ಕೊಟ್ಟ. ಅಲ್ಲಿಯ ಅಕ್ಷರ ನೋಡಿದರೆ ಗುಂಡಗುಂಡಗೆ, ನಮ್ಮ ಅಕ್ಷರದ ದಾಯಾದಿಗಳಂತೆ ಕಾಣುತ್ತವೆ. ಓದಿಬಿಡಬಹುದು ಎನಿಸುತ್ತದೆ. ಒಂದೂ ಓದಲು ಬರುವುದಿಲ್ಲ.

ನಾನು ಪೆನ್ನು ಮುಟ್ಟಲಿಲ್ಲ. ಪ್ರತಿ ಹಂಗಾಮು ಮುಗಿದಾಗ ಜಿನ್ನಿನಲ್ಲಿ ನಮ್ಮನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಖಾಲಿ ಕಾಗದಕ್ಕೆ ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಆಮೇಲೆ ಅದರಲ್ಲಿ ಏನು ಬರೆದುಕೊಂಡನೋ, ಕೇಳಿದರೆ ನೀವೇ ಒಪ್ಪಿದ್ದೀರಲ್ಲ ಎನ್ನುತ್ತಿದ್ದ. ಆ ಸಿಟ್ಟಿಗೇ ನಾನು ಮರೆತ ಅಕ್ಷರವನ್ನು ಮತ್ತೆ ಕಲಿತೆ. ಓದದೆ ಯಾವ ಕಾಗದಕ್ಕೂ ಕೈ ಹಚ್ಚುವುದಿಲ್ಲ ಎಂದು ಅವತ್ತಿನಿಂದ ಗಟ್ಟಿ ಮಾಡಿಕೊಂಡಿದ್ದೆ.

"ಒಲ್ಲೆ," ಎಂದೆ. ಗುಮಾಸ್ತ ಮತ್ತೆ ಗೆರೆ ತೋರಿಸಿದ. "ಒಲ್ಲೆ ಅಂದ್ರ ಒಲ್ಲೆ!" ಎಂದೆ. ಜಿನ್ನಿನ ಗಂಟಲು. ಅರ್ಧ ವಿಮಾನ ನಿಲ್ದಾಣ ತಿರುಗಿ ನೋಡಿತು. ಪೊಲೀಸನೊಬ್ಬ ಹತ್ತಿರ ಬಂದ. ಇನ್ನು ಜೈಲೇ ಗತಿ, ಮೊಮ್ಮಗಳ ಸಿನಿಮಾ ನೋಡುವುದಲ್ಲ, ಜೈಲಿನ ಗೋಡೆ ನೋಡುತ್ತ ಕೂರಬೇಕು ಎಂದುಕೊಂಡೆ. ಕೊನೆಗೆ ಹೊರಗಿದ್ದ ಸುಜಾತಾಳನ್ನು ಒಳಗೆ ಕರೆಸಿದರು. ಅವಳು ಬಂದು ಮೊದಲು ನನ್ನನ್ನು ತಬ್ಬಿಕೊಂಡಳು, ಆಮೇಲೆ ಕಾಗದ ಓದಿದಳು.

"ಆಯಿ, ನಿನ್ ಸೂಟ್‌ಕೇಸ್ ಕಳಕೊಂಡದ, ಹುಡುಕಿ ಕೊಡ್ರಿ ಅಂತ ಬರ್ದದ, ಅಷ್ಟೇ."

"ಅಷ್ಟೇ ಅಂತ ಮೂರು ಸಲ ಓದು."

ಮೂರು ಸಲ ಓದಿದ ಮೇಲೆ ಸಹಿ ಮಾಡಿದೆ.

ಎಂಟನೆಯ ಮಹಡಿ

ಸುಜಾತಾ ಇರುವುದು ಎಂಟನೆಯ ಮಹಡಿಯಲ್ಲಿ. ಕೆಂಪು ಸರ್ಕಾರ ಕಟ್ಟಿದ ಕಟ್ಟಡ. ಅದರ ಲಿಫ್ಟಿನಲ್ಲಿ ಒಂದು ಡಬ್ಬಿ ಇದೆ, ನಾಣ್ಯ ಹಾಕಿದರೆ ಮಾತ್ರ ಲಿಫ್ಟು ಏರುತ್ತದೆ. ಸರ್ಕಾರ ಬಿದ್ದ ಮೇಲೆ ಲಿಫ್ಟನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆ, ಮನೆಯವರೇ ಡಬ್ಬಿ ಹಚ್ಚಿಕೊಂಡರಂತೆ. ಮರುದಿನ ಇಬ್ಬರೂ ಕೆಳಗಿಳಿದಿದ್ದೆವು. ಅವಳು ಹಾಲು ತರಲು ಅಂಗಡಿಗೆ ಹೋದಾಗ, ಮನೆಗೆ ಮರಳಲು ನಾನು ಇದನ್ನು ಮರೆತು ಒಬ್ಬಳೇ ಲಿಫ್ಟು ಹೊಕ್ಕೆ. ಬಾಗಿಲು ಮುಚ್ಚಿತು, ದೀಪ ಆರಿತು. ಅದು ಮೇಲೂ ಇಲ್ಲ ಕೆಳಗೂ ಇಲ್ಲ. ಕತ್ತಲೆಯಲ್ಲಿ ನಾನೂ ನಾಣ್ಯದ ಡಬ್ಬಿಯೂ. ಸತ್ತರೆ ನನ್ನನ್ನು ಸುಡುತ್ತಾರೋ ಹೂಳುತ್ತಾರೋ ಎಂದೆಲ್ಲ ಯೋಚನೆ ಬಂತು. ಕೂಗಿದೆ. ಹೊರಗಿನಿಂದ ಯಾರೋ ಗುಂಡಿ ಒತ್ತಿ ಬಾಗಿಲು ತೆರೆಸಿದರು. ಮುದುಕನೊಬ್ಬ ನಿಂತಿದ್ದ. ಅವನು ತನ್ನ ಕಿಸೆಯ ನಾಣ್ಯ ಹಾಕಿ, ನನ್ನನ್ನು ಎಂಟನೆಯ ಮಹಡಿಗೆ ಬಿಟ್ಟು, ತಾನು ಮೆಟ್ಟಿಲಿಳಿದು ಹೋದ. ಅವತ್ತಿನಿಂದ ನಾನು ಎಂಟೂ ಮಹಡಿ ನಡೆದೇ ಹತ್ತಿದೆ.

ಅಲ್ಲಿಯ ಬೀದಿ ನಾಯಿಗಳು ಕರುವಿನಷ್ಟು ದೊಡ್ಡವು. ಎದುರಿಗೆ ಬಂದಾಗ ನಾನು ಸುಜಾತಾಳ ಬೆನ್ನ ಹಿಂದೆ ಅಡಗಿದೆ. ಆದರೆ ಒಂದೊಂದರ ಕಿವಿಗೂ ನಮ್ಮ ಎತ್ತು ಎಮ್ಮೆಗಳಿಗೆ ಹಚ್ಚುವಂಥ ಬಿಲ್ಲೆ. ಸೂಜಿ ಹಾಕಿಸಿದ ಗುರುತಂತೆ. ಬಿಲ್ಲೆ ನೋಡಿದ ಮೇಲೆ, ಇವೂ ಯಾರೋ ಎಣಿಸಿಟ್ಟುಕೊಂಡ ಜೀವಗಳು ಎಂದು ಅರ್ಧ ಹೆದರಿಕೆ ಹೋಯಿತು. ಇನ್ನರ್ಧ ಉಳಿಯಿತು.

ಗಿರಣಿಯ ಊರು

ಈ ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ತ್ಬಿಲಿಸಿಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ನದಿಯ ದಂಡೆಗೆ ನಮ್ಮ ಜಿನ್ನಿನಂಥ ಹತ್ತು ಜಿನ್ನು ನುಂಗುವಂಥ ನೂಲಿನ ಗಿರಣಿ. ಒಳಗೆ ಮಷೀನು ಇಲ್ಲ, ನೆಲದಲ್ಲಿ ಅವು ಕೂತಿದ್ದ ತೂತುಗಳಿವೆ. ಎಲ್ಲವನ್ನೂ ಕಡಿದು ಗುಜರಿಗೆ ಹಾಕಿದ್ದಾರೆ. ಗೇಟಿನ ಪಕ್ಕದ ಕೋಣೆಯಲ್ಲಿ ಈಗ ಒಂದು ಅಂಗಡಿ. ಬೇರೆ ದೇಶದವರು ಉಟ್ಟುಬಿಟ್ಟ ಬಟ್ಟೆಗಳನ್ನು ತೂಕದ ಮೇಲೆ ಮಾರುತ್ತಾರೆ. ಊರಿಗೆಲ್ಲ ನೂಲು ತೆಗೆದ ಹೆಂಗಸರು ಅಲ್ಲಿ ನಿಂತು ಹಳೆಯ ಅಂಗಿ ಆರಿಸುತ್ತಿದ್ದರು.

ಸುಜಾತಾಳ ಮುಖ ಅಂದು ಸಣ್ಣಗಾಗಿತ್ತು. ಬಸ್ಸಿನಿಂದ ಇಳಿಯುವವರೆಗೂ ಉಗುರು ಕಚ್ಚುತ್ತಿದ್ದಳು.

"ಏನಾಗ್ಯದ ಖರೇ ಹೇಳು," ಎಂದೆ.

ಹೇಳಿದಳು. ಸಿನಿಮಾದ ಅರ್ಧ ಭಾಗದಲ್ಲಿ ಇರುವವಳು ಸಿಯಾಲಾ ಎಂಬ ಮುದುಕಿ. ಇದೇ ಗಿರಣಿಯಲ್ಲಿ ದುಡಿದವಳು. ಎರಡು ವರ್ಷ ಕ್ಯಾಮೆರಾದ ಮುಂದೆ ಮನಸ್ಸು ಬಿಚ್ಚಿ ಮಾತನಾಡಿದ್ದಾಳೆ. ಆದರೆ, ನನ್ನನ್ನು ತೋರಿಸಲು ಒಪ್ಪಿದ್ದೇನೆ ಎಂಬ ಕಾಗದಕ್ಕೆ ಸಹಿ ಮಾಡು ಎಂದರೆ ಮಾಡುತ್ತಿಲ್ಲ. ಸಹಿ ಇಲ್ಲದಿದ್ದರೆ ಅವಳ ಭಾಗವನ್ನೆಲ್ಲ ಕತ್ತರಿಸಿ ತೆಗೆ ಎಂದು ಕಾಲೇಜಿನ ಮೇಷ್ಟ್ರು ಹೇಳಿಬಿಟ್ಟಿದ್ದಾರೆ. ಅಂದು ಬುಧವಾರ. ಶನಿವಾರ ತೋರಿಸಬೇಕು.

"ಆಕೀನ್ನ ತಗದ್ರ ಉಳಿಯೋದು ಬರೀ ಗೋಡಿ, ಆಯಿ. ಮೂರು ವರ್ಷ ಗೋಡಿ ತೋರ್ಸಾಕ ಬಂದಂಗ ಆಗ್ತದ."

ಮೂರು ವರ್ಷ ಈ ಹುಡುಗಿ ಹಿಮದಲ್ಲಿ ಕ್ಯಾಮೆರಾ ಹೊತ್ತು ತಿರುಗಿದ್ದಾಳೆ. ಆ ಮುದುಕಿಯ ಮನೆಗೆ ನನ್ನನ್ನೂ ಕರೆದುಕೊಂಡು ನಡಿ ಎಂದೆ.

ಸಿಯಾಲಾಳ ಅಡುಗೆಮನೆ

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆ? ನನ್ನ ಖಣ, ನನ್ನ ಹೋಳಿಗೆ ಎಲ್ಲ ಎಲ್ಲೋ ಆಕಾಶದಲ್ಲಿ ತಿರುಗುತ್ತಿದ್ದವು. ಹಿಂದೆ ಒಮ್ಮೆ ಸುಜಾತಾ ಫೋನಿನಲ್ಲಿ ಸಿಯಾಲಾಳ ಮನೆ ತೋರಿಸಿದಾಗ ನಾನು ಒಂದು ಸಂಗತಿ ಗಮನಿಸಿದ್ದೆ. ಆ ಮುದುಕಿ ಕರಿ ಚಹಾ ಕುಡಿಯುತ್ತಿದ್ದಳು, ಸಕ್ಕರೆ ಹಾಕಿಕೊಳ್ಳಲಿಲ್ಲ, ಬಂದವರಿಗೂ ಇಡಲಿಲ್ಲ. ಪಾಪ, ಮನೆಯಲ್ಲಿ ಸಕ್ಕರೆಗೂ ತಾಪತ್ರಯ ಇರಬೇಕು ಎಂದುಕೊಂಡಿದ್ದೆ. ಸುಜಾತಾ ಬ್ರೆಡ್ಡು ಕೊಳ್ಳುತ್ತಿದ್ದಾಗ ನಾನು ಅಂಗಡಿಯಲ್ಲಿ ಒಂದು ಕಿಲೊ ಸಕ್ಕರೆಯ ಚೀಲಕ್ಕೆ ಬೆರಳು ತೋರಿಸಿ ಕೊಂಡು ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಅವಳಿಗೆ ಹೇಳಲಿಲ್ಲ.

ಸಿಯಾಲಾ ಎತ್ತರದ ಹೆಂಗಸು. ಮೈತುಂಬ ಕರಿ ಬಟ್ಟೆ, ಅಲ್ಲಿ ಗಂಡ ಸತ್ತವರು ಕರಿ ಉಡುತ್ತಾರೆ. ಬಲಗೈಯ ನಡುಬೆರಳಿಗೆ ತುದಿ ಇಲ್ಲ. ನೋಡಿದ ಕೂಡಲೇ ಗೊತ್ತಾಯಿತು, ಮಷೀನು ತಿಂದದ್ದು. ಮಾತು ನನ್ನಷ್ಟೇ ಗಟ್ಟಿ. ಅವಳು ಒಂದು ಕಡೆಯಿಂದ ಕೂಗಿದಳು, ನಾನು ಒಂದು ಕಡೆಯಿಂದ ಕೂಗಿದೆ. ನಡುವೆ ಸುಜಾತಾ ಎರಡೂ ಕಿವಿ ಮುಚ್ಚಿಕೊಂಡು ನಕ್ಕಳು.

"ಏನಂತಾಳ?"

"ನಿನ್ ಆಯಿ ಯಾವ ಮಷೀನಿನ್ಯಾಕಿ ಅಂತ ಕೇಳ್ತಾಳ."

ಎಷ್ಟು ಸಂತೋಷವಾಯಿತು! ನಾಡು ದಾಟಿ ಬಂದು ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಮಷೀನು ಕೇಳಿದಳು.

ಚಹಾ ಬಂತು. ಸಕ್ಕರೆ ಇಲ್ಲ. ಸುಜಾತಾ ಕಾಗದ ತೆಗೆದು ಮೇಜಿನ ಮೇಲಿಟ್ಟು, ಮೇಲೆ ಪೆನ್ನಿಟ್ಟಳು. ಸಿಯಾಲಾ ಕಾಗದ ನೋಡಿದಳು. ಆಮೇಲೆ ಕೈ ಚಾಚಿ ಪೆನ್ನು ಎತ್ತಿಕೊಂಡಳು.

ಆಯಿತು, ಒಪ್ಪಿದಳು, ನನ್ನ ಕೂಸಿನ ಸಿನಿಮಾ ಉಳಿಯಿತು! ನನಗೆ ತಡೆಯಲಾಗಲಿಲ್ಲ. ನಮ್ಮಲ್ಲಿ ಮದುವೆಯ ಮಾತು ಕುದುರಿದರೂ, ಮುರಿದ ನೆಂಟಸ್ತಿಕೆ ಕೂಡಿದರೂ ಏನು ಮಾಡುತ್ತೇವೆ? ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತೇವೆ. ಚೀಲ ಹರಿದು, ಒಂದು ಚಿಟಿಕೆ ತೆಗೆದು, ಎದ್ದು ಹೋಗಿ ಸಿಯಾಲಾಳ ಬಾಯಿಗೆ ಹಾಕಿಬಿಟ್ಟೆ.

ಅವಳ ಮುಖದ ಬಣ್ಣ ಹೋಯಿತು. ಪೆನ್ನು ಎತ್ತಿದ್ದು ಅದನ್ನು ದೂರ ಸರಿಸುವುದಕ್ಕೆ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಲ್ಲಿಯ ತೊಟ್ಟಿಗೆ ಹೋಗಿ ಉಗಿದು, ಬಾಯಿ ತೊಳೆದುಕೊಂಡಳು. ನಮ್ಮ ಕಡೆ ತಿರುಗದೆ ಎರಡು ಮಾತು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಆಯಿ, ಏನ್ ಮಾಡ್ದಿ ನೀ?" ಸುಜಾತಾ ನನ್ನನ್ನು ಹೊರಗೆ ಎಳೆದುಕೊಂಡು ಬಂದಳು.

ಆ ಮನೆಯ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತು ಅವಳು ಹೇಳಿದಳು. ಗಿರಣಿಯ ಚೀಟಿ ಹಂಚಿದ ಆ ಚಳಿಗಾಲದಲ್ಲಿ ಇಲ್ಲಿ ವಿದ್ಯುತ್ತು ಇರಲಿಲ್ಲ, ಸಂಬಳ ಇರಲಿಲ್ಲ. ಗಿರಣಿಯ ಕಚೇರಿಯವನೇ ಒಬ್ಬ ಲಾರಿಯಲ್ಲಿ ಸಕ್ಕರೆ ತುಂಬಿಕೊಂಡು ಬಂದ. ಚೀಟಿ ಕೊಟ್ಟು, ಒಂದು ಕಾಗದಕ್ಕೆ ಸಹಿ ಮಾಡಿದರೆ ಒಂದು ಮೂಟೆ ಸಕ್ಕರೆ. ಆ ಗುಂಡಗುಂಡನೆಯ ಅಕ್ಷರ ಸಿಯಾಲಾಳಿಗೆ ಓದಲು ಬರುತ್ತಿತ್ತು. ಆದರೆ ಲಾರಿಯ ಮುಂದೆ ಸಾಲು ಉದ್ದವಿತ್ತು, ಓದುತ್ತ ನಿಂತರೆ ಸಕ್ಕರೆ ಮುಗಿಯುತ್ತಿತ್ತು. ಓದದೆ ಸಹಿ ಮಾಡಿದಳು. ಎಲ್ಲರ ಚೀಟಿ ಕೂಡಿಸಿದವನು ಗಿರಣಿಯ ಮಾಲೀಕನಾದ, ಮಷೀನು ಕಡಿದು ಮಾರಿದ. ಸಿಯಾಲಾ ಆ ಸಕ್ಕರೆಯಲ್ಲಿ ಪ್ಲಮ್ ಹಣ್ಣಿನ ಮುರಬ್ಬ ಮಾಡಿ ಮಕ್ಕಳಿಗೆ ತಿನ್ನಿಸಿದಳು. ಅವತ್ತಿನಿಂದ ಆ ಮನೆಗೆ ಸಕ್ಕರೆ ಬಂದಿರಲಿಲ್ಲ.

"ಸಿನಿಮಾದಾಗ ಆಕಿ ಏನಂತಾಳ ಗೊತ್ತದೇನಾಯಿ? 'ಇಡೀ ಗಿರಣಿನ ಬ್ರೆಡ್ಡಿಗಿ ಹಚ್ಚಿಕೊಂಡು ತಿಂದ್ವಿ' ಅಂತಾಳ."

"ಒಳಗ ಹೋಗೋ ಮುಂದ ಏನಂದ್ಲು?"

"'ಈಗೂ ಸಕ್ಕರಿ ಹಿಡಕೊಂಡೇ ಬಂದಾರ' ಅಂದ್ಲು."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮೂರು ವರ್ಷದ ಕೆಲಸವನ್ನು ಚಿಟಿಕೆಯಲ್ಲಿ ಸುಟ್ಟೆನಲ್ಲ ಎಂದು ನನ್ನ ಬೆರಳುಗಳನ್ನೇ ನೋಡುತ್ತ ಕೂತೆ.

ಮರುದಿನ ಮುಂಜಾನೆ

"ನಡಿ," ಎಂದೆ. "ನಾ ಅಂದದ್ದು ಅಂದಂಗೇ ಆಕೀಗಿ ಹೇಳಬೇಕು. ಒಂದು ಮಾತು ಬಿಡಬ್ಯಾಡ, ಒಂದು ಮಾತು ಹಚ್ಚಬ್ಯಾಡ."

ಸಿಯಾಲಾ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಅವಳ ಹಿಂದೆ ಮೇಜಿನ ಮೇಲೆ ಹರಿದ ಸಕ್ಕರೆ ಚೀಲ ಹಾಗೇ ಇತ್ತು. ನಾನು ಹೊಸ್ತಿಲಾಚೆಯೇ ನಿಂತು, ಸಕ್ಕರೆ ಯಾಕೆ ಹಾಕಿದೆ, ನಮ್ಮಲ್ಲಿ ಯಾವಾಗ ಹಾಕುತ್ತೇವೆ ಎಂದು ಹೇಳಿದೆ. ಮುಕಾದಮನ ಖಾಲಿ ಕಾಗದದ ವಿಷಯ ಹೇಳಿದೆ. ಹೆಬ್ಬೆಟ್ಟನ್ನು ಗಾಳಿಯಲ್ಲಿ ಒತ್ತಿ ತೋರಿಸಿದೆ. ಸಿಯಾಲಾ ನನ್ನ ಹೆಬ್ಬೆಟ್ಟನ್ನೇ ನೋಡುತ್ತಿದ್ದಳು.

"ಈಗ ಹೇಳು ಸುಜಾ: ಸಹಿ ಮಾಡಬ್ಯಾಡ."

ಸುಜಾತಾ ನನ್ನ ತೋಳು ಹಿಡಿದೆಳೆದಳು. "ಆಯಿ!"

"ಹೇಳು. ಮನಸ್ಸಿಲ್ಲಂದ್ರ ಮಾಡಬ್ಯಾಡ, ಸಿನಿಮಾ ಹೋದ್ರ ಹೋಗ್ಲಿ ಅಂತ ಹೇಳು."

"ನನ್ ಸಿನಿಮಾ ಅದು. ಹೋದ್ರ ಹೋಗ್ಲಿ ಅನ್ನಾಕ ನೀ ಯಾರು?"

"ನಿನ್ ಆಯಿ. ಹೇಳು."

ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ನನಗೂ ಗೊತ್ತಿತ್ತು, ನಾನು ನನ್ನ ಕೂಸಿನ ಕಾಲಿನ ಮೇಲೆಯೇ ಕಲ್ಲು ಎತ್ತಿ ಹಾಕುತ್ತಿದ್ದೇನೆ ಎಂದು. ಆದರೆ ಆ ಹೆಂಗಸಿನ ಮುಂದೆ ಇನ್ನೊಂದು ಕಾಗದ ಇಟ್ಟು ಪೆನ್ನು ಹಿಡಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಸಿಯಾಲಾ ಬಾಗಿಲಿನಿಂದ ಸರಿದು ನಮಗೆ ದಾರಿ ಬಿಟ್ಟಳು. ಆಮೇಲೆ ಒಳಗೆ ಹೋಗಿ, ಮೊಮ್ಮಕ್ಕಳದ್ದಿರಬೇಕು, ಒಂದು ಸಾಲೆಯ ನೋಟ್‌ಬುಕ್ ತಂದಳು. ಮೇಜಿನ ಮುಂದೆ ಕೂತು, ನಮ್ಮನ್ನೂ ಕೂರಿಸಿ, ತುದಿಯಿಲ್ಲದ ಬೆರಳಿನ ಕೈಯಲ್ಲಿ ನಿಧಾನವಾಗಿ ಬರೆಯತೊಡಗಿದಳು. ಒಂದು ಪುಟ ತುಂಬಿತು. ಹರಿದು ನಮ್ಮ ಮುಂದಿಟ್ಟಳು. ಸುಜಾತಾ ಓದುತ್ತ ಓದುತ್ತ ಒಮ್ಮೆ ನನ್ನ ಮುಖ ನೋಡಿದಳು.

"ಏನ್ ಬರ್ದಾಳ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸಿಯಾಲಾ ಮೇಜು ಬಡಿದು ಏನೋ ಹೇಳಿದಳು.

"ನಿಂಗ ಓದಿ ಹೇಳಬಾರದಂತ, ಆಯಿ. 'ಇಷ್ಟು ದಿನ ನಾ ಸಹಿ ಮಾಡ್ದೆ, ಕಾಗದ ಅವ್ರು ಇಟ್ಟುಕೊಂಡ್ರು. ಈ ಸಲ ನೀವು ಸಹಿ ಮಾಡ್ರಿ, ಕಾಗದ ನಾ ಇಟ್ಟುಕೊಳ್ತೀನಿ. ಈ ಮುದುಕಿ, ನಾ ಮಾಡ್ದಂಗೇ, ಓದದೇ ಮಾಡ್ಲಿ' ಅಂತಾಳ."

ಸುಜಾತಾ ತನ್ನ ಸಹಿ ಮಾಡಿ ಪೆನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಇಷ್ಟು ಹೆದರಿಕೆ ವಿಮಾನದಲ್ಲಿ ಆಗಿರಲಿಲ್ಲ, ಲಿಫ್ಟಿನ ಕತ್ತಲೆಯಲ್ಲೂ ಆಗಿರಲಿಲ್ಲ. ಆ ಗುಂಡು ಅಕ್ಷರಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಏನನ್ನು ಬರೆದುಕೊಂಡಿದ್ದಾಳೆ? ನನ್ನ ಮನೆಯೋ? ನನ್ನ ಮೊಮ್ಮಗಳೋ? ಓದದೆ ಸಹಿ ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ನಾನು ಜಿನ್ನಿನ ಮಾಲೀಕನಿಗೂ ಮಣಿದವಳಲ್ಲ.

ಸಿಯಾಲಾಳ ಮುಖ ನೋಡಿದೆ. ಅದರಲ್ಲಿ ಸಿಟ್ಟು ಇರಲಿಲ್ಲ. ಲಾರಿಯ ಮುಂದೆ ಅವಳ ಹೊಟ್ಟೆಯೊಳಗೆ ಹೇಗಾಗಿತ್ತೋ ಅದನ್ನು ಇನ್ನೊಬ್ಬರು ತಿಳಿಯಲಿ ಎಂದು ಕಾಯುತ್ತಿದ್ದಳು ಎನಿಸಿತು.

'ಶಾಂತಮ್ಮ' ಎಂದು ಬರೆದೆ. ಮ-ಗೆ ಒತ್ತು ಕೊಡುವಾಗ ಕಾಗದ ತೂತಾಯಿತು.

ಸಿಯಾಲಾ ಅದನ್ನು ಮಡಚಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಮುಚ್ಚುವ ಮೊದಲು ಸುಜಾತಾ ಬೇಡಿಕೊಂಡು ಅದರ ಒಂದು ಫೋಟೋ ತೆಗೆದುಕೊಂಡಳು. ಆಮೇಲೆ ಅದರಲ್ಲಿದ್ದದ್ದನ್ನು ಹೇಳಲು ಅಪ್ಪಣೆ ಸಿಕ್ಕಿತು, ಪೂರ್ತಿ ಅಲ್ಲ. ಇದು ನನ್ನ ಕಥೆ, ತೋರಿಸಬಹುದು ಎಂದು ಮೊದಲ ಸಾಲು. ಕೆಳಗೆ ಮೂರು ಕರಾರು. ಒಂದು, ಊರಿನ ಹೆಸರು ಎಲ್ಲಿಯೂ ಬರಬಾರದು. ಎರಡು, ಗಿರಣಿಯ ಹೆಂಗಸರ ಮುಂದೆ ಮೊದಲು ತೋರಿಸಬೇಕು, ಸಿಯಾಲಾ ಕೈ ಎತ್ತಿದರೆ ಅಲ್ಲಿಗೆ ನಿಲ್ಲಿಸಬೇಕು, ತೆಗೆ ಎಂದದ್ದನ್ನು ತೆಗೆಯಬೇಕು. ಮೂರನೆಯದನ್ನು ಸಿನಿಮಾ ಮುಗಿದ ಮೇಲೆ ಈ ಮುದುಕಿಗೆ ಹೇಳು ಎಂದಳು.

ಸುಜಾತಾ ಮೇಷ್ಟ್ರಿಗೆ ಫೋಟೋ ಕಳಿಸಿ ಫೋನು ಮಾಡಿದಳು. ಸಿಯಾಲಾಳ ಸ್ವಂತ ಕೈಬರಹ ಇದ್ದರೆ ಸಾಕು, ಆದರೆ ಅವಳ ಕರಾರಿನಂತೆಯೇ ನಡೆಯಬೇಕು ಎಂದರಂತೆ. ಹಾಗಾದರೆ ಎಲ್ಲವೂ ಇನ್ನು ಒಂದು ಕೈಯ ಮೇಲೆ ನಿಂತಿತು.

ಶನಿವಾರ, ಗಿರಣಿಯ ಊಟದ ಹಾಲ್

ಬಿಳಿ ಚಾದರ ಗೋಡೆಗೆ ಕಟ್ಟಿದ್ದರು. ಕರಿ ಬಟ್ಟೆ, ತಲೆಗೆ ರುಮಾಲು, ಹಾಲಿನ ತುಂಬ ಮುದುಕಿಯರು. ಒಬ್ಬರಿಗೊಬ್ಬರು ಕೂಗಿಕೊಂಡು ಮಾತಾಡುತ್ತಿದ್ದರು. ಕಣ್ಣು ಮುಚ್ಚಿದರೆ ನಮ್ಮ ಜಿನ್ನಿನ ಊಟದ ಹೊತ್ತೇ. ಖಾಜಾಬಿ ಇದ್ದಿದ್ದರೆ ಅಂಗಡಿ ಹಚ್ಚುತ್ತಿದ್ದಳು.

ಸಿಯಾಲಾ ಮುಂದಿನ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿ ಬಡಿದು ನನ್ನನ್ನು ಕೂರಿಸಿಕೊಂಡಳು. ಸುಜಾತಾ ಹಿಂದೆ ಮಷೀನಿನ ಹತ್ತಿರ ನಿಂತಳು. ದೀಪ ಆರಿಸಿದರು, ಸಿನಿಮಾ ಶುರುವಾಯಿತು.

ನಾನು ಬಿಳಿ ಚಾದರ ನೋಡಲಿಲ್ಲ. ಸಿಯಾಲಾಳ ಬಲಗೈ ನೋಡಿದೆ.

ಅದು ಅವಳ ತೊಡೆಯ ಮೇಲಿತ್ತು. ಚಾದರದ ಬೆಳಕು ಅದರ ಮೇಲೆ ಬಿದ್ದು ಬಣ್ಣ ಬದಲಾಗುತ್ತಿತ್ತು. ಒಮ್ಮೆ ಮೊಣಕಾಲು ಹಿಡಿಯಿತು, ನನ್ನ ಉಸಿರು ನಿಂತಿತು. ಒಮ್ಮೆ ಮೂಗು ಒರೆಸಿಕೊಳ್ಳಲು ಮೇಲೆ ಹೋಯಿತು, ನನ್ನ ಜೀವವೇ ಮೇಲೆ ಹೋಯಿತು. ಹಿಂದೆ ತಿರುಗಿ ನೋಡಿದರೆ ಸುಜಾತಾಳ ಕಣ್ಣೂ ಚಾದರದ ಮೇಲೆ ಇರಲಿಲ್ಲ. ನಾವಿಬ್ಬರೂ ಒಂದೇ ಕೈಯನ್ನು ಕಾಯುತ್ತಿದ್ದೆವು.

ಅರ್ಧ ತಾಸು ಕಳೆದಿರಬೇಕು. ಚಾದರದಿಂದ ಸಿಯಾಲಾಳ ಧ್ವನಿ ಬರತೊಡಗಿತು. ಭಾಷೆ ತಿಳಿಯದಿದ್ದರೂ ಲಾರಿಯ ಮಾತು ಬಂತೆಂದು ನನಗೆ ತಿಳಿಯಿತು, ಹಾಲಿನಲ್ಲಿ ಕೆಮ್ಮು ಕೂಡ ನಿಂತುಹೋಗಿತ್ತು.

ಆ ಕೈ ಎದ್ದಿತು. ನೆಟ್ಟಗೆ, ತಲೆಯ ಮೇಲೆ, ಬೆರಳು ಬಿಡಿಸಿಕೊಂಡು, ಯಾರದೋ ಕೈ ಮಷೀನಿಗೆ ಸಿಕ್ಕಾಗ ಎತ್ತುವ ಹಾಗೆಯೇ.

ಸುಜಾತಾ ನಿಲ್ಲಿಸಿದಳು. ಚಾದರ ಕಪ್ಪಾಯಿತು. ಯಾರೋ ದೀಪ ಹಾಕಿದರು. ಸಿಯಾಲಾ ಎದ್ದು ಹಿಂದೆ ತಿರುಗಿ ನಿಂತು ಗಟ್ಟಿಯಾಗಿ ಮಾತಾಡಿದಳು. ಮುಗಿಯಿತು ಎಂದುಕೊಂಡೆ. ಎಂಟು ಮಹಡಿಯ ಮೇಲೆ ಒಬ್ಬಳೇ ಕೂತು ಗೋಡೆಗಳನ್ನು ಜೋಡಿಸುವ ನನ್ನ ಕೂಸು ಕಣ್ಣ ಮುಂದೆ ಬಂದಳು.

"ಸುಜಾ, ಏನಂದ್ಲೇ? ತಗೀ ಅಂದ್ಲಾ?"

ಸುಜಾತಾಳ ಬಾಯಿ ತೆರೆದೇ ಇತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಇಲ್ಲಾಯಿ. 'ಸದ್ದು ಹೆಚ್ಚು ಮಾಡು' ಅಂದ್ಲು. 'ಹಿಂದ ಕುಂತೋರೆಲ್ಲಾ ಗಿರಣಿಯವ್ರು, ಅರ್ಧ ಕಿವುಡ್ಯಾರು. ಲಾರಿ ಮುಂದ ನನ್ ಜೋಡಿ ಸಾಲಿನಾಗ ನಿಂತೋರು. ಇದು ಅವ್ರಿಗಿ ಕೇಳಬೇಕು. ಮೊದಲಿಂದ ಹಾಕು' ಅಂದ್ಲು."

ಮತ್ತೆ ಶಹಾಪುರ

ಸೂಟ್‌ಕೇಸ್ ಹತ್ತನೆಯ ದಿನ ಸಿಕ್ಕಿತು. ಖಣಗಳನ್ನು ಮುದುಕಿಯರಿಗೆ ಕೊಟ್ಟೆ, ಅವರು ಅವನ್ನು ತಲೆಗೆ ಕಟ್ಟಿಕೊಂಡರು. ಊರಿಗೆ ಬಂದ ದಿನ ಖಾಜಾಬಿ ದೂರದಿಂದಲೇ ಕೂಗಿದಳು.

"ಸಿನಿಮಾ ಹೆಂಗಿತ್ತವ್ವ?"

"ನಾ ನೋಡ್ಲಿಲ್ಲ."

"ಅಲ್ಲಿ ತನಕ ಹೋಗಿ?"

"ಒಂದು ಕೈ ನೋಡ್ಕೋತ ಕುಂತಿದ್ದೆ."

ಅವಳಿಗೆ ಎಲ್ಲ ಹೇಳಿದೆ. ಗಿರಾಕಿಗಳು ಬದನೆಕಾಯಿ ಹಿಡಿದುಕೊಂಡು ನಿಂತು ಕೇಳಿದರು. ಮೂರನೆಯ ಕರಾರು ಏನಿತ್ತು ಎಂದು ಅವರೇ ಕೇಳಿದರು. ಸಿನಿಮಾ ಮುಗಿದ ಮೇಲೆ ಸುಜಾತಾ ಅದನ್ನು ಓದಿ ಹೇಳಿದ್ದಳು: 'ಈ ಹೆಂಗಸು ತಂದ ಸಕ್ಕರೆಯನ್ನು ಚೆಲ್ಲುವುದಿಲ್ಲ. ಪ್ಲಮ್ ಹಣ್ಣಾದಾಗ ಅದರಲ್ಲಿ ಮುರಬ್ಬ ಮಾಡುತ್ತೇನೆ. ತಿನ್ನಲು ಅವಳೇ ಬರಬೇಕು.'

"ಮತ್ತ ಇಮಾನ?" ಎಂದಳು ಖಾಜಾಬಿ.

"ಮತ್ತ ಇಮಾನ."

ನೆನೆದರೆ ಈಗಲೇ ಕೈಕಾಲು ತಣ್ಣಗಾಗುತ್ತವೆ. ಆ ರೆಕ್ಕೆ, ಆ ತಗಡು, ಆ ಲೋಟಗಟ್ಟಲೆ ನೀರು.

"ಹೋಗಂಗಿಲ್ಲ ಅಂದ್ರ ಆಕಿ ಏನ್ ಮಾಡ್ತಾಳ? ಅಷ್ಟು ದೂರಿಂದ ಬಂದು ಹಿಡಕೊಂಡು ಹೋಗ್ತಾಳೇನು?"

"ಹೋಗಂಗಿಲ್ಲ ಅನ್ನಾಕ ಬರಂಗಿಲ್ಲ ಖಾಜಾ," ಎಂದೆ. "ಕಾಗದ ಆಕಿ ಡಬ್ಬಿದಾಗ ಅದ. ನಾ ಸಹಿ ಮಾಡೀನಿ."